ಮೊಣಕಾಲಿಗೆ ಪಟ್ಟಿ, ಸೊಂಟಕ್ಕೆ ಪೆಟ್ಟು: ಬ್ಯಾಡಗಿಯ ಒಬ್ಬ ಪವರ್‌ಲಿಫ್ಟರ್‌ನ ಪ್ರಕರಣ

ಫೆಬ್ರುವರಿಯ ಒಂದು ಸೋಮವಾರ, ಸಂಜೆ ಏಳೂವರೆ. ಹಾವೇರಿಯ ನಮ್ಮ ಜಿಮ್‌ನಲ್ಲಿ 22 ವರ್ಷದ ಹುಡುಗನೊಬ್ಬ ಬೆನ್ನ ಮೇಲೆ 212.5 ಕಿಲೋ ಹೊತ್ತು ಸ್ಕ್ವಾಟ್‌ಗೆ ಇಳಿದ. ಎರಡೂ ಮೊಣಕಾಲಿಗೆ ಪಟ್ಟಿ ಬಿಗಿದಿತ್ತು. ಮೈಗೆ ಸ್ಕ್ವಾಟ್ ಸೂಟ್, ಸೊಂಟಕ್ಕೆ ಬೆಲ್ಟ್. ಏಳುವಾಗ ಅವನ ಸೊಂಟ ಮೊದಲು ಮೇಲೆ ಬಂತು, ಎದೆ ಕೆಳಗೇ ಉಳಿಯಿತು. ಬಾರ್ ಮುಂದಕ್ಕೆ ವಾಲಿತು. ಹಿಂದೆ ಒಬ್ಬರು, ಆಚೆ ಈಚೆ ಇಬ್ಬರು ನಿಂತಿದ್ದೆವು. ಮೂವರೂ ಸೇರಿ ಬಾರ್ ಹಿಡಿದು ಸ್ಟ್ಯಾಂಡಿಗೆ ಇಟ್ಟೆವು. ಅವನು ಎರಡು ಹೆಜ್ಜೆ ಇಟ್ಟ, ಗೋಡೆ ಹಿಡಿದ, ಹಾಗೇ ಜಾರಿ ನೆಲಕ್ಕೆ ಮಲಗಿದ. "ಸರ್, ಬಲಗಾಲಿಗೆ ಕರೆಂಟ್ ಹೊಡದಂಗ ಆತ್ರಿ" ಅಂದ.

ಬಾರ್ ಹಿಡಿದ ಮೂವರಲ್ಲಿ ನಾನೂ ಒಬ್ಬ. ಅವನ ಕೋಚ್ ನಾನೇ. ಆ ಸಂಜೆ ಯಾಕೆ ಬಂತು, ಆಮೇಲೆ ಏನೇನಾಯಿತು ಅನ್ನೋದನ್ನು ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು ಬಿಟ್ಟಿದ್ದೇನೆ. ನಮ್ಮ ಹಾವೇರಿ, ಗದಗ, ಹುಬ್ಬಳ್ಳಿ ಕಡೆ ಇವನ ಹಾಗೇ ದುಡಿದು ಬಂದು ಸಂಜೆ ಬಾರ್ ಹಿಡಿಯುವ ಹುಡುಗರು ಬಹಳ ಇದ್ದಾರೆ. ಅವರ ಕೋಚ್‌ಗಳು ಇದನ್ನು ಓದಲಿ ಅನ್ನೋದೇ ನನ್ನ ಆಸೆ.

ಹುಡುಗ ಯಾರು

ಊರು ಬ್ಯಾಡಗಿ. ಅಪ್ಪ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಹಮಾಲಿ. ಇವನು ಡಿಗ್ರಿ ಮುಗಿಸಿದ್ದಾನೆ, ಕೆಲಸ ಹುಡುಕುತ್ತಿದ್ದಾನೆ, ಸುಗ್ಗಿಯಲ್ಲಿ ಅಪ್ಪನ ಜೊತೆ ಚೀಲ ಹೊರುತ್ತಾನೆ. ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತಿದವನು. ಕಲ್ಲು ಎತ್ತುವುದನ್ನು ನೋಡಿದ ಗೆಳೆಯನೊಬ್ಬ ಇವನನ್ನು ನಮ್ಮ ಜಿಮ್‌ಗೆ ಕರೆತಂದ. ಮೂರು ವರ್ಷದಲ್ಲಿ 74 ಕಿಲೋ ದೇಹತೂಕದ ವಿಭಾಗದಲ್ಲಿ ಅವನ ಒಳ್ಳೆಯ ಲೆಕ್ಕ ಹೀಗಿತ್ತು: ಸ್ಕ್ವಾಟ್ 180, ಬೆಂಚ್ ಪ್ರೆಸ್ 107.5, ಡೆಡ್‌ಲಿಫ್ಟ್ 215. ಒಟ್ಟು 502.5 ಕಿಲೋ. ಎಲ್ಲವೂ ಕ್ಲಾಸಿಕ್‌ನಲ್ಲಿ.

ಕ್ಲಾಸಿಕ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಪವರ್‌ಲಿಫ್ಟಿಂಗ್‌ನಲ್ಲಿ ಮೂರು ಲಿಫ್ಟ್: ಬಾರ್ ಬೆನ್ನ ಮೇಲೆ ಹೊತ್ತು ಕುಕ್ಕರಿಸಿ ಏಳುವ ಸ್ಕ್ವಾಟ್, ಬೆಂಚಿನ ಮೇಲೆ ಮಲಗಿ ಬಾರ್ ಎದೆಯಿಂದ ಮೇಲೆ ತಳ್ಳುವ ಬೆಂಚ್ ಪ್ರೆಸ್, ನೆಲದಿಂದ ಬಾರ್ ಎತ್ತಿ ನೆಟ್ಟಗೆ ನಿಲ್ಲುವ ಡೆಡ್‌ಲಿಫ್ಟ್. ಒಂದೊಂದಕ್ಕೆ ಮೂರು ಅವಕಾಶ. 1972ರಲ್ಲಿ ಶುರುವಾದ ಅಂತಾರಾಷ್ಟ್ರೀಯ ಪವರ್‌ಲಿಫ್ಟಿಂಗ್ ಫೆಡರೇಶನ್ ಇದರ ಸಾಮಾನುಗಳಿಗೆ ಅಳತೆ ಹಾಕಿಟ್ಟಿದೆ. ಕ್ಲಾಸಿಕ್ ವಿಭಾಗದಲ್ಲಿ ಬೆಲ್ಟ್ ಕಟ್ಟಬಹುದು. ಅಗಲ 10 ಸೆಂಟಿಮೀಟರ್, ದಪ್ಪ 13 ಮಿಲಿಮೀಟರ್ ದಾಟಬಾರದು. ಮಣಿಕಟ್ಟಿಗೆ ಪಟ್ಟಿ ಇರಬಹುದು. ಮೊಣಕಾಲಿಗೆ ನೀ ಸ್ಲೀವ್, ಅಂದರೆ ರಬ್ಬರ್ ಥರದ ಬಟ್ಟೆಯ ತೋಳು, 7 ಮಿಲಿಮೀಟರ್ ದಪ್ಪದವರೆಗೆ. ಅಷ್ಟೇ. ಎಕ್ವಿಪ್ಡ್ ವಿಭಾಗ ಬೇರೆ. ಅಲ್ಲಿ ಸ್ಕ್ವಾಟ್‌ಗೆ ಸೂಟ್, ಬೆಂಚ್‌ಗೆ ಶರ್ಟ್, ಡೆಡ್‌ಲಿಫ್ಟ್‌ಗೆ ಇನ್ನೊಂದು ಸೂಟ್, ಮೊಣಕಾಲಿಗೆ 2 ಮೀಟರ್ ಉದ್ದದ ಪಟ್ಟಿ. ಸ್ಲೀವ್ ಮೊಣಕಾಲನ್ನು ಬೆಚ್ಚಗಿಡುತ್ತದೆ, ಒತ್ತಿ ಹಿಡಿಯುತ್ತದೆ, ಧೈರ್ಯ ಕೊಡುತ್ತದೆ. ಪಟ್ಟಿ ಮತ್ತು ಸೂಟ್ ಸ್ಪ್ರಿಂಗ್ ಇದ್ದ ಹಾಗೆ. ಕೆಳಗೆ ಹೋಗುವಾಗ ಎಳೆದುಕೊಳ್ಳುತ್ತವೆ, ಮೇಲೆ ಬರುವಾಗ ತಳ್ಳುತ್ತವೆ. ಈ ವ್ಯತ್ಯಾಸ ನೆನಪಿರಲಿ. ಇಡೀ ಪ್ರಕರಣ ಇದರ ಮೇಲೆಯೇ ನಿಂತಿದೆ.

ಮೊದಲ ನೋವು

ಜನವರಿ ಮೊದಲ ವಾರದಲ್ಲಿ ಅವನಿಗೆ ಬಲ ಮೊಣಕಾಲು ನೋಯಲು ಶುರುವಾಯಿತು. ಚಿಪ್ಪಿನ ಸರೀ ಕೆಳಗೆ. ಬೆರಳಿಟ್ಟು ತೋರಿಸುವಷ್ಟು ಚಿಕ್ಕ ಜಾಗ. ಮೊದಲ ಎರಡು ಸೆಟ್ ನೋವು, ಮೈ ಬಿಸಿಯಾದ ಮೇಲೆ ಕಮ್ಮಿ, ಮರುದಿನ ಬೆಳಗ್ಗೆ ಮೆಟ್ಟಿಲು ಇಳಿಯುವಾಗ ಮತ್ತೆ ಜಾಸ್ತಿ. ಈ ಆಟದಲ್ಲಿ ಇರುವವರಿಗೆ ಇದು ಚೆನ್ನಾಗಿ ಪರಿಚಯ. ಚಿಪ್ಪನ್ನು ಕೆಳಗಿನ ಎಲುಬಿಗೆ ಜೋಡಿಸುವ ನಾರು, ಟೆಂಡನ್ ಅಂತಾರಲ್ಲ, ಅದು ತಾನು ಹೊರಬಲ್ಲದ್ದಕ್ಕಿಂತ ಜಾಸ್ತಿ ಹೊತ್ತಾಗ ಹೀಗೆ ಕೂಗುತ್ತದೆ. ಮಾಂಸಖಂಡ ಬೇಗ ಬಲಿಯುತ್ತದೆ. ಟೆಂಡನ್ ನಿಧಾನ. ಅದಕ್ಕೆ ತಿಂಗಳುಗಳು ಬೇಕು.

ಪವರ್‌ಲಿಫ್ಟಿಂಗ್ ಅಂದರೆ ಮೈ ಮುರಿಯುವ ಆಟ ಅಂತ ನಮ್ಮ ಕಡೆ ತಂದೆ ತಾಯಿ ಹೆದರುತ್ತಾರೆ. 2017ರಲ್ಲಿ ಪ್ರಕಟವಾದ ಒಂದು ಪರಿಶೀಲನೆ ಅಲ್ಲಿವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟು ಮಾಡಿ ನೋಡಿತ್ತು. ಪವರ್‌ಲಿಫ್ಟರ್‌ಗಳಿಗೆ ಸಾವಿರ ಗಂಟೆಯ ತರಬೇತಿಗೆ 1ರಿಂದ 4.4 ಗಾಯ ಅಂತ ಅದರಲ್ಲಿದೆ. ಮೈಗೆ ಮೈ ತಾಗುವ ಆಟಗಳಿಗೆ ಹೋಲಿಸಿದರೆ ಇದು ಕಡಿಮೆ. ಜಾಸ್ತಿ ಪೆಟ್ಟು ಬೀಳುವುದು ಭುಜ, ಸೊಂಟ, ಮೊಣಕಾಲಿಗೆ. ಆದರೆ ಇಂಥ ಲೆಕ್ಕದಲ್ಲಿ ಜಿಮ್‌ನ ಗಂಟೆಗಳು ಮಾತ್ರ ಇರುತ್ತವೆ. ನಮ್ಮ ಹುಡುಗರು ದಿನದ ಉಳಿದ ಗಂಟೆಗಳಲ್ಲಿ ಏನು ಮಾಡುತ್ತಾರೆ ಅನ್ನೋದು ಅದರಲ್ಲಿ ಎಲ್ಲಿಂದ ಬರಬೇಕು? ಅದನ್ನು ಕೇಳಬೇಕಾದವನು ನಾನು. ಕೇಳಲಿಲ್ಲ.

ಆಗ ನಾನು ಹೇಳಿದ್ದು ಇಷ್ಟೇ: "ಒಂದು ವಾರ ಭಾರ ಇಳಿಸು." ಅವನು ಒಂದು ವಾರ ಇಳಿಸಿದ. ನೋವು ಹೋಗಲಿಲ್ಲ. ಮಾರ್ಚ್ ಮೊದಲ ವಾರ ಹುಬ್ಬಳ್ಳಿಯಲ್ಲಿ ಸ್ಪರ್ಧೆ ಇತ್ತು, ಅದು ಎಕ್ವಿಪ್ಡ್. ಹೇಗೂ ಸೂಟ್ ಮತ್ತು ಪಟ್ಟಿ ಕಲಿಯಬೇಕಿತ್ತು. ಹಿರಿಯ ಲಿಫ್ಟರ್ ಒಬ್ಬರು ತಮ್ಮ ಹಳೇ ಸೂಟ್ ಮತ್ತು ಪಟ್ಟಿ ಕೊಟ್ಟರು. ಅವರದು ಒಳ್ಳೆಯ ಮನಸ್ಸೇ.

ಪಟ್ಟಿ ಕಟ್ಟುವುದನ್ನು ನೋಡಿದವರಿಗೆ ಅದು ಮರೆಯಲ್ಲ. ಹುಡುಗ ಕುರ್ಚಿ ಮೇಲೆ ಕಾಲು ಚಾಚಿ ಕೂರುತ್ತಾನೆ. ಕಟ್ಟುವವನು ಮಂಡಿಯೂರಿ, ಪಟ್ಟಿಯನ್ನು ಎರಡೂ ಕೈಯಿಂದ ಪೂರಾ ಎಳೆದು, ಚಿಪ್ಪಿನ ಕೆಳಗಿಂದ ಸುತ್ತುತ್ತಾ ಮೇಲೆ ಬರುತ್ತಾನೆ. ಒಂದೊಂದು ಸುತ್ತಿಗೂ ಹುಡುಗ ಹಲ್ಲು ಕಚ್ಚುತ್ತಾನೆ. ಕೊನೆಯ ತುದಿಯನ್ನು ಸುತ್ತಿನೊಳಗೆ ತೂರಿಸುವ ಹೊತ್ತಿಗೆ ಪಾದ ಕಪ್ಪು ನೀಲಿ ಆಗಿರುತ್ತದೆ. ಎದ್ದು ನಿಂತರೆ ಕಾಲು ಮಡಚಲು ಬರಲ್ಲ, ಕೋಲು ಕಟ್ಟಿದ ಹಾಗೆ ನಡೆಯುತ್ತಾನೆ. ಒಂದು ಲಿಫ್ಟ್ ಮುಗಿದ ತಕ್ಷಣ ಬಿಚ್ಚಬೇಕು. ಬಿಚ್ಚಿದಾಗ ಚರ್ಮದ ಮೇಲೆ ಚಕ್ಕಲಿಯ ಹಾಗೆ ಸುತ್ತು ಸುತ್ತು ಗೆರೆ.

ಆ ದಿನ ಪಟ್ಟಿ ಕಟ್ಟಿ 170 ಎತ್ತಿದ. ಬಿಚ್ಚುವಾಗ ಅವನ ಮುಖದಲ್ಲಿ ನಗು. "ಸರ್, ಪಟ್ಟಿ ಕಟ್ಟಿದ್ರ ಬ್ಯಾನಿ ಗೊತ್ತ ಆಗಂಗಿಲ್ರಿ" ಅಂದ.

ನಾನು ಅಲ್ಲೇ ನಿಲ್ಲಿಸಬೇಕಿತ್ತು. ಬ್ಯಾನಿ ಹೋಯಿತು ಅಂತ ಅವನು ಹೇಳಲಿಲ್ಲ. ಗೊತ್ತಾಗಲ್ಲ ಅಂತ ಹೇಳಿದ. ಎರಡಕ್ಕೂ ಅಜಗಜಾಂತರ. ನಾನು ಮಾತ್ರ ಸ್ಪರ್ಧೆಗೆ ಇನ್ನು ಆರೂವರೆ ವಾರ ಇದೆ ಅಂತ ದಿನ ಎಣಿಸುತ್ತಿದ್ದೆ.

ಸೂಟ್ ಕಲಿಸಿದ ತಪ್ಪು ಲೆಕ್ಕ

ಎಕ್ವಿಪ್ಡ್ ಲಿಫ್ಟಿಂಗ್‌ನಲ್ಲಿ ಹೊರಗಿನವರಿಗೆ ಕಾಣದ ಒಂದು ಸಂಗತಿ ಇದೆ. ಸ್ಕ್ವಾಟ್‌ನಲ್ಲಿ ತೊಡೆಯ ಬುಡ, ಸೊಂಟ ಮಡಚುವ ಜಾಗ, ಮೊಣಕಾಲಿನ ಮೇಲ್ಭಾಗಕ್ಕಿಂತ ಕೆಳಗೆ ಹೋಗಲೇಬೇಕು. ಹೋಗದಿದ್ದರೆ ತೀರ್ಪುಗಾರರು ಕೆಂಪು ದೀಪ ಒತ್ತುತ್ತಾರೆ. ಬಿಗಿ ಸೂಟ್ ಸೊಂಟ ಮಡಚಲು ಬಿಡಲ್ಲ. ಪಟ್ಟಿ ಮೊಣಕಾಲು ಮಡಚಲು ಬಿಡಲ್ಲ. ಎರಡೂ ಹಾಕಿಕೊಂಡು 120 ಕಿಲೋ ಇಟ್ಟರೆ ಅರ್ಧ ದಾರಿಯಲ್ಲೇ ನಿಂತುಬಿಡುತ್ತೀರಿ. ಕೆಳಗೆ ತಳ್ಳಲು ಭಾರ ಸಾಲಲ್ಲ. ಹಾಗಾಗಿ ಆಳ ಸಿಗಬೇಕಾದರೆ ಭಾರ ಏರಿಸಬೇಕು. ಅಂದರೆ ಎಷ್ಟು ಎತ್ತಬೇಕು ಅನ್ನೋದನ್ನು ನಿಮ್ಮ ಮೈ ಹೇಳಲ್ಲ, ಬಟ್ಟೆ ಹೇಳುತ್ತದೆ.

ಇವನ ವಿಷಯದಲ್ಲಿ ಹಾಗೇ ಆಯಿತು. ಆಳ ಸಿಗಲಿಲ್ಲ, 185 ಇಟ್ಟೆವು. ಸ್ವಲ್ಪ ಸಿಕ್ಕಿತು, 195 ಇಟ್ಟೆವು. ಮೂರು ವಾರದಲ್ಲಿ 205. ಬರೀ ಮೈಯಿಂದ ಅಷ್ಟು ಏರಲು ಅವನಿಗೆ ಒಂದು ವರ್ಷಕ್ಕಿಂತ ಜಾಸ್ತಿ ಬೇಕಿತ್ತು. ಜಿಮ್‌ನಲ್ಲಿ ಎಲ್ಲರೂ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ.

ಸೂಟ್ ತೊಡೆ ಮತ್ತು ಸೊಂಟದ ಕೀಲಿಗೆ ಸಹಾಯ ಮಾಡುತ್ತದೆ. ಪಟ್ಟಿ ಮೊಣಕಾಲಿಗೆ ಸಹಾಯ ಮಾಡುತ್ತದೆ. ಬೆನ್ನಿಗೆ? ಬಾರ್ ಕೂತಿರುವುದು ಬೆನ್ನ ಮೇಲೆ. ಕಾಲಿಗೆ 25 ಕಿಲೋ ಉಚಿತವಾಗಿ ಸಿಕ್ಕಿತು, ಆದರೆ ಬೆನ್ನು ಆ 25 ಕಿಲೋವನ್ನು ಪೂರಾ ಹೊರಬೇಕು. ಬೆಲ್ಟ್ ಒಂದಿಷ್ಟು ನೆರವಾಗುತ್ತದೆ ನಿಜ. ಆದರೆ ಬೆಲ್ಟ್ ಅವನಿಗೆ 180 ಎತ್ತುವಾಗಲೂ ಇತ್ತು. ಹೊಸದಾಗಿ ಬೆನ್ನಿಗೆ ಏನೂ ಬರಲಿಲ್ಲ.

ಪೆಟ್ಟಾದ ಮೇಲೆ ಒಂದು ರಾತ್ರಿ ಕೂತು ಫೋನಿನಲ್ಲಿದ್ದ ವಿಡಿಯೋಗಳನ್ನು ಒಂದೊಂದೇ ಚೌಕಟ್ಟು ನಿಲ್ಲಿಸಿ ನೋಡಿದೆ. ಡಿಸೆಂಬರ್‌ನಲ್ಲಿ ಬರೀ ಸ್ಲೀವ್ ಹಾಕಿ 170 ಎತ್ತಿದಾಗ ಅವನ ಬೆಲ್ಟಿನ ಬಕಲ್ ಇಡೀ ಸಮಯ ಮುಂದಿನ ಗೋಡೆ ಕಡೆ ನೋಡುತ್ತಿತ್ತು. ಜನವರಿ ಕೊನೆಗೆ 195ರಲ್ಲಿ, ಏಳುವ ಮೊದಲ ಕ್ಷಣಕ್ಕೆ ಬಕಲ್ ನೆಲ ನೋಡುತ್ತಿದೆ. 205ರಲ್ಲಿ ಇನ್ನೂ ಜಾಸ್ತಿ. ಸೊಂಟ ಮೊದಲು ಏಳುತ್ತದೆ, ಎದೆ ಹಿಂದೆ ಉಳಿಯುತ್ತದೆ, ಕೆಳಬೆನ್ನು ಕ್ರೇನಿನ ತೋಳಿನ ಹಾಗೆ ಬಾರ್ ಎಳೆಯುತ್ತದೆ. ಇಳಿಯುವ ವೇಗವೂ ಬದಲಾಗಿತ್ತು. ಪಟ್ಟಿ ಹಿಡಿದುಕೊಳ್ಳುತ್ತದೆ ಅನ್ನೋ ನಂಬಿಕೆಯಿಂದ ದಬಕ್ಕನೆ ಇಳಿಯುತ್ತಿದ್ದ. ನಾನು ಈ ವಿಡಿಯೋಗಳನ್ನೆಲ್ಲ ಆಗಲೇ ನೋಡಿದ್ದೆ. ಆದರೆ ಆಳ ಸಿಕ್ಕಿತಾ ಇಲ್ಲವಾ ಅಂತ ಮಾತ್ರ ನೋಡಿದ್ದೆ. ಬಕಲ್ ನೋಡಿರಲಿಲ್ಲ.

ಆ ಸೋಮವಾರ ಮತ್ತು ಹುಬ್ಬಳ್ಳಿ

ಅವನು ನೆಲಕ್ಕೆ ಮಲಗಿದ ತಕ್ಷಣ ಸೂಟ್ ಮತ್ತು ಪಟ್ಟಿ ಬಿಚ್ಚಿದೆವು. ಮೊದಲು ಕೇಳಿದ್ದು ಮೂರು ವಿಷಯ. ತೊಡೆ ಸಂದಿಯಲ್ಲಿ, ಕೂರುವ ಜಾಗದಲ್ಲಿ ಮರಗಟ್ಟಿದ ಹಾಗಿದೆಯಾ? ಮೂತ್ರ ಹಿಡಿತದಲ್ಲಿದೆಯಾ, ಮಾಡಲು ಬರುತ್ತದಾ? ಎರಡೂ ಪಾದ ಮೇಲೆ ಎತ್ತಲು, ಬೆರಳ ತುದಿ ಮೇಲೆ ನಿಲ್ಲಲು ಆಗುತ್ತದಾ? ಬೆನ್ನಿಗೆ ಪೆಟ್ಟಾದ ಯಾರಲ್ಲೇ ಆಗಲಿ, ಕೂರುವ ಜಾಗ ಮರಗಟ್ಟಿದರೆ, ಮೂತ್ರ ಮಲದ ಹಿಡಿತ ತಪ್ಪಿದರೆ, ಕಾಲು ಸೋಲುತ್ತಾ ಹೋದರೆ ಬೆಳಗಿನವರೆಗೆ ಕಾಯಬಾರದು. ಅದೇ ರಾತ್ರಿ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಬೆನ್ನುಹುರಿಯ ಕೆಳತುದಿಯ ನರಗಳ ಗುಚ್ಛ ಒತ್ತಿದಾಗ ಹೀಗಾಗುತ್ತದೆ. ತಡ ಮಾಡಿದರೆ ಜೀವನಪೂರ್ತಿ ಹಾಗೇ ಉಳಿಯಬಹುದು. ಇದನ್ನು ಪ್ರತಿ ಜಿಮ್‌ನ ಗೋಡೆ ಮೇಲೆ ಕನ್ನಡದಲ್ಲಿ ಬರೆದು ಹಚ್ಚಬೇಕು. ನಾವು ಈಗ ಹಚ್ಚಿದ್ದೇವೆ.

ಅವನಿಗೆ ಇದ್ಯಾವುದೂ ಇರಲಿಲ್ಲ. ಬಲಗಾಲಿನ ಹಿಂಭಾಗದಲ್ಲಿ ಮೀನಖಂಡದವರೆಗೆ ಎಳೆತ, ಕೆಮ್ಮಿದರೆ ಜಾಸ್ತಿ. ಮರುದಿನ ಬೆಳಗ್ಗೆ ಹುಬ್ಬಳ್ಳಿಗೆ ಕರೆದುಕೊಂಡು ಹೋದೆವು. ಸೀಟು ಹಿಂದಕ್ಕೆ ಬಾಗಿಸಿದರೂ ಅವನಿಗೆ ಕೂರಲು ಆಗುತ್ತಿರಲಿಲ್ಲ. ಶಿಗ್ಗಾವಿ ಹತ್ತಿರ ಒಮ್ಮೆ ಕಾರು ನಿಲ್ಲಿಸಿ ಐದು ನಿಮಿಷ ನಡೆಸಿದೆ.

ಎಂಆರ್‌ಐಯಲ್ಲಿ ಸೊಂಟದ ಕೊನೆಯ ಎಲುಬು ಮತ್ತು ಅದರ ಕೆಳಗಿನ ತ್ರಿಕೋನ ಎಲುಬಿನ (ತ್ರಿಕ) ನಡುವಿನ ಡಿಸ್ಕ್, ಅಂದರೆ ಎಲುಬುಗಳ ನಡುವೆ ಇರುವ ಮೆತ್ತೆ, ಉಬ್ಬಿ ಬಲಗಡೆಯ ನರಕ್ಕೆ ತಾಗಿತ್ತು. ಡಾಕ್ಟರ್ ಪಾದದ ಬಲ, ಸ್ಪರ್ಶ, ಎಲ್ಲ ಪರೀಕ್ಷೆ ಮಾಡಿದರು. ಬಲ ಸರಿ ಇದೆ, ಆಪರೇಷನ್ ಬೇಡ ಅಂದರು. ನೋವಿಗೆ ಮಾತ್ರೆ ಕೊಟ್ಟರು, ಹಾಸಿಗೆ ಹಿಡಿದು ಮಲಗಬೇಡ, ನಡೆದಾಡು ಅಂದರು. ಇಂಥ ಕಾಲೆಳೆತ ಬಹಳಷ್ಟು ಜನರಲ್ಲಿ ಆರರಿಂದ ಹನ್ನೆರಡು ವಾರದಲ್ಲಿ ತಾನಾಗೇ ಇಳಿಯುತ್ತದೆ ಅಂತ ಧೈರ್ಯ ಹೇಳಿದರು.

ಊರಿಗೆ ಬಂದ ಮೇಲೆ ಬೇರೆಯೇ ಮಾತು. "ಡಿಸ್ಕ್ ಜಾರೇತಿ, ಇನ್ನ ಜೀವನದಾಗ ಏನೂ ಎತ್ತಂಗಿಲ್ಲ" ಅಂತ ಒಬ್ಬರು. ಬೆನ್ನು ತುಳಿದು ಸರಿ ಮಾಡುವವರ ಹತ್ತಿರ ಒಯ್ಯೋಣ ಅಂತ ಇನ್ನೊಬ್ಬರು. ಅವನ ಅವ್ವ ಅಳುತ್ತಿದ್ದರು. ನಾನು ಮನೆಯ ಜಗಲಿ ಮೇಲೆ ಕೂತು ಡಾಕ್ಟರ್ ನನಗೆ ಹೇಳಿದ್ದನ್ನೇ ಅವರಿಗೆ ಹೇಳಿದೆ. ಡಿಸ್ಕ್ ಸೋಪಿನ ಹಾಗೆ ಜಾರಿ ಹೋಗುವ ವಸ್ತು ಅಲ್ಲ. 2015ರಲ್ಲಿ ಬಂದ ಒಂದು ದೊಡ್ಡ ಪರಿಶೀಲನೆ ಪ್ರಕಾರ ಯಾವ ನೋವೂ ಇಲ್ಲದ 20 ವರ್ಷದವರಲ್ಲೇ ನೂರಕ್ಕೆ 30 ಜನರ ಡಿಸ್ಕ್ ಉಬ್ಬಿರುತ್ತದೆ. 80 ವರ್ಷದವರಲ್ಲಿ ನೂರಕ್ಕೆ 84. ಹಾಗಾಗಿ ಚಿತ್ರ ನೋಡಿ ಹೆದರಬೇಡಿ, ಆದರೆ ಈಗ ತುಳಿಸಬೇಡಿ, ನರ ಸಿಟ್ಟಾಗಿದೆ ಅಂದೆ. ಅವ್ವ ಎಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದರು: "ಹಂಗಾದ್ರ ಚೀಲ ಹೊರಬಹುದೇನ್ರಿ?"

ಆಗ ನನಗೆ ಥಟ್ಟನೆ ಹೊಳೆಯಿತು. ಚೀಲ.

ಚೀಲದ ಲೆಕ್ಕ

ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ವಹಿವಾಟು ಜೋರಾಗಿ ನಡೆಯುವುದು ಸೋಮವಾರ ಮತ್ತು ಗುರುವಾರ. ಈ ಕಡೆಯವರಿಗೆಲ್ಲ ಗೊತ್ತು. ನನಗೂ ಗೊತ್ತು. ಸಂಕ್ರಾಂತಿಯಿಂದ ಯುಗಾದಿವರೆಗೆ ಆ ಎರಡು ದಿನ ಊರೇ ಕೆಂಪಾಗಿರುತ್ತದೆ, ಘಾಟಿಗೆ ಬಸ್‌ಸ್ಟ್ಯಾಂಡಿನಲ್ಲೂ ಸೀನು ಬರುತ್ತದೆ. ನನ್ನ ಚಾರ್ಟಿನಲ್ಲಿ ಭಾರದ ಸ್ಕ್ವಾಟ್ ದಿನ ಯಾವುದು? ಸೋಮವಾರ. ಮೂರು ವರ್ಷದಿಂದ ಸೋಮವಾರವೇ. ವಾರದ ಶುರು, ಮೈ ಹಗುರಾಗಿರುತ್ತದೆ ಅಂತ ನಾನು ಅಂದುಕೊಂಡಿದ್ದೆ.

ಅವನ ಜೊತೆ ಕೂತು ಪೆನ್ನು ಹಿಡಿದೆ. ಪೆಟ್ಟಾದ ದಿನ ಬೆಳಗ್ಗೆ ಆರರಿಂದ ಮಧ್ಯಾಹ್ನ ಮೂರರವರೆಗೆ ಹೊತ್ತ ಚೀಲ ಎಷ್ಟು? "ನೂರಾ ಅರವತ್ತರ ಮ್ಯಾಲ ಅದಾವ್ರಿ." ಒಂದು ಚೀಲ ಸುಮಾರು 30 ಕಿಲೋ. ಅಂದರೆ 4,800 ಕಿಲೋ. ಅದರಲ್ಲಿ ಅರ್ಧದಷ್ಟು ಹಲಗೆ ಹತ್ತಿ ಲಾರಿಗೆ ಏರಿಸಿದ್ದು. ಆ ಸಂಜೆ ಜಿಮ್‌ನಲ್ಲಿ, ವಾರ್ಮ್‌ಅಪ್‌ನಿಂದ ಹಿಡಿದು, ಅವನು ಎತ್ತಬೇಕಿದ್ದ ಸ್ಕ್ವಾಟ್ ಎಲ್ಲ ಕೂಡಿಸಿದರೆ ಸುಮಾರು 3,300 ಕಿಲೋ. ನಾನು ಬರೆದ ಕೆಲಸಕ್ಕಿಂತ ಒಂದೂವರೆ ಪಟ್ಟು ಕೆಲಸ ಮಾಡಿ ಬಂದು ಅವನು ನನ್ನ ಕೆಲಸ ಶುರು ಮಾಡುತ್ತಿದ್ದ. 30 ಕಿಲೋ ಚೀಲವೂ 200 ಕಿಲೋ ಬಾರೂ ಒಂದೇ ಅಲ್ಲ, ಒಪ್ಪುತ್ತೇನೆ. ಆದರೆ ಮೊಣಕಾಲಿನ ಟೆಂಡನ್‌ಗೆ ಹಲಗೆ ಹತ್ತಿ ಇಳಿದದ್ದು ಲೆಕ್ಕಕ್ಕೆ ಬರುತ್ತದೆ. ಬಾಗಿ ಬಾಗಿ ದಣಿದ ಬೆನ್ನಿಗೂ ಬರುತ್ತದೆ.

ಮೊಣಕಾಲು ನೋವು ಶುರುವಾದದ್ದು ಜನವರಿ ಮೊದಲ ವಾರ. ಆ ವರ್ಷ ಅವನು ಚೀಲ ಹೊರಲು ಇಳಿದದ್ದು ಡಿಸೆಂಬರ್ ಕೊನೆಗೆ. ದಿನಾಂಕ ಎರಡನ್ನೂ ಅಕ್ಕಪಕ್ಕ ಬರೆದ ಮೇಲೆ ಬೇರೆ ಕಾರಣ ಹುಡುಕುವ ಅಗತ್ಯವೇ ಬೀಳಲಿಲ್ಲ. ಹಿಂದಿನ ಎರಡು ಸುಗ್ಗಿಯಲ್ಲಿ ಅವನು ಕಾಲೇಜಿನಲ್ಲಿದ್ದ. ಆಗ ರಜೆ ಇದ್ದರೆ ಮಾತ್ರ ಹೊರುತ್ತಿದ್ದ.

ಇನ್ನೊಂದು ಸಂಗತಿ ಆ ದಿನವೇ ಗೊತ್ತಾಯಿತು. ಜಿಮ್ ಬೆಲ್ಟನ್ನು ಅವನು ಮಾರುಕಟ್ಟೆಗೂ ಕಟ್ಟಿಕೊಂಡು ಹೋಗುತ್ತಿದ್ದ. ಬೆಳಗಿನಿಂದ ಸಂಜೆತನಕ. ಅವನನ್ನು ನೋಡಿ ಅವನ ಅಪ್ಪನೂ ಒಂದು ಬೆಲ್ಟ್ ಹೊಲಿಸಿಕೊಂಡಿದ್ದರು. ಬೆಲ್ಟ್ ಸೊಂಟ ಕಾಯುತ್ತದೆ ಅನ್ನೋದು ನಮ್ಮಲ್ಲಿ ಬಲವಾದ ನಂಬಿಕೆ. ಬೆಲ್ಟ್ ಕೆಲಸ ಮಾಡುವ ರೀತಿ ಬೇರೆ. ಹೊಟ್ಟೆ ತುಂಬ ಉಸಿರು ತುಂಬಿ, ಉಸಿರು ಕಟ್ಟಿ, ಹೊಟ್ಟೆಯನ್ನು ಸುತ್ತಲೂ ಬೆಲ್ಟಿಗೆ ಒತ್ತಬೇಕು. ಆಗ ಹೊಟ್ಟೆಯೊಳಗಿನ ಒತ್ತಡ ಏರುತ್ತದೆ, ಗಾಳಿ ತುಂಬಿದ ಟ್ಯೂಬಿನ ಹಾಗೆ ನಡು ಗಟ್ಟಿಯಾಗುತ್ತದೆ. ನಾಲ್ಕೈದು ಸೆಕೆಂಡಿನ ಭಾರೀ ಲಿಫ್ಟಿಗೆ ಇದು ನಿಜವಾಗಿ ಉಪಯೋಗ. ದಿನಪೂರ್ತಿ ಉಸಿರು ಕಟ್ಟಿ ಚೀಲ ಹೊರಲು ಯಾರಿಗಾದರೂ ಆಗುತ್ತದಾ? ಆಗ ಅದು ಸುಮ್ನೆ ಸೊಂಟಕ್ಕೆ ಸುತ್ತಿದ ಚರ್ಮ. ಅಮೆರಿಕದಲ್ಲಿ 160 ಅಂಗಡಿಗಳ 9,000ಕ್ಕೂ ಹೆಚ್ಚು ಸಾಮಾನು ಎತ್ತುವ ಕೆಲಸಗಾರರನ್ನು ನೋಡಿದ ಅಧ್ಯಯನವೊಂದು 2000ದಲ್ಲಿ ಬಂತು. ಬೆಲ್ಟ್ ಕಟ್ಟಿದವರಲ್ಲಿ ಬೆನ್ನುನೋವು ಕಮ್ಮಿ ಏನೂ ಇರಲಿಲ್ಲ. ಅಪ್ಪನಿಗೆ ಇದನ್ನು ಹೇಳಿದಾಗ ಅವರು ಬೆಲ್ಟ್ ಬಿಚ್ಚಿ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. "ಎಂಟನೂರು ಕೊಟ್ಟೇನ್ರಿ ಇದಕ್ಕ" ಅಂದರು. ನನಗೆ ಬೇಜಾರಾಯಿತು.

ಎಂಟು ತಿಂಗಳು

ಮಾರ್ಚ್ ಸ್ಪರ್ಧೆ ಬಿಟ್ಟೆವು. ಸೂಟ್ ಮತ್ತು ಪಟ್ಟಿ ಹಿರಿಯರಿಗೆ ವಾಪಸ್ ಹೋದವು.

ಕಷ್ಟವಾದದ್ದು ವ್ಯಾಯಾಮ ಅಲ್ಲ, ದುಡ್ಡು. ಸುಗ್ಗಿಯಲ್ಲಿ ಎರಡು ತಿಂಗಳು ಚೀಲ ಬಿಟ್ಟರೆ ಮನೆಗೆ ಅದು ದೊಡ್ಡ ಹೊಡೆತ. ಅಪ್ಪ ಅಂಗಡಿಯವರ ಹತ್ತಿರ ಮಾತಾಡಿ ಅವನನ್ನು ತೂಕದ ಹತ್ತಿರ ಚೀಟಿ ಬರೆಯಲು, ಚೀಲದ ಬಾಯಿ ಹೊಲಿಯಲು ಹಾಕಿಸಿದರು. ಕೂಲಿ ಕಮ್ಮಿ, ಆದರೆ ಪೂರಾ ನಿಲ್ಲಲಿಲ್ಲ. ಕ್ರೀಡಾ ಗಾಯದ ಬಗ್ಗೆ ಬರೆಯುವಾಗ "ಆರು ವಾರ ವಿಶ್ರಾಂತಿ" ಅಂತ ಒಂದು ಸಾಲು ಇರುತ್ತದೆ ನೋಡಿ, ಆ ಸಾಲಿನ ಹಿಂದೆ ಯಾರ ಮನೆಯ ರೊಟ್ಟಿ ಇದೆ ಅಂತ ಅಲ್ಲಿ ಇರಲ್ಲ.

ಮೊದಲ ಎರಡು ವಾರ ಬರೀ ನಡಿಗೆ. ಹತ್ತು ನಿಮಿಷ, ದಿನಕ್ಕೆ ನಾಲ್ಕು ಸಲ. ಕಾಲೆಳೆತ ಮೀನಖಂಡದಿಂದ ತೊಡೆಗೆ, ತೊಡೆಯಿಂದ ಸೊಂಟಕ್ಕೆ ಮೇಲೇರುತ್ತಾ ಬಂತು. ಇದು ಒಳ್ಳೆಯ ಲಕ್ಷಣ ಅಂತ ಫಿಸಿಯೋಥೆರಪಿಸ್ಟ್ ಹೇಳಿದರು. ಮೂರನೇ ವಾರ 20 ಕಿಲೋದ ಖಾಲಿ ಬಾರ್ ಹಿಡಿದು ಸೊಂಟ ಹಿಂದಕ್ಕೆ ತಳ್ಳಿ ಬಾಗುವುದು. ಮೊಣಕಾಲಿಗೆ, ನಮ್ಮ ಹಳೇ ಲೆಗ್ ಎಕ್ಸ್‌ಟೆನ್ಶನ್ ಮಷೀನಿನಲ್ಲಿ ಕಾಲು ಅರ್ಧ ಚಾಚಿ 45 ಸೆಕೆಂಡ್ ಹಾಗೇ ಹಿಡಿಯುವುದು, ಐದು ಸಲ. ಕಾಲು ಅಲುಗಾಡದೆ ಭಾರ ಹಿಡಿದರೆ ಟೆಂಡನ್ ನೋವು ಎಷ್ಟೋ ಜನರಲ್ಲಿ ಇಳಿಯುತ್ತದೆ, ಅವನಲ್ಲೂ ಇಳಿಯಿತು. ಆಮೇಲೆ ನಿಧಾನದ ಸ್ಕ್ವಾಟ್, ಮೂರು ಎಣಿಸಿ ಇಳಿ, ಮೂರು ಎಣಿಸಿ ಏಳು. ನೋವು ಹತ್ತರಲ್ಲಿ ಮೂರು ದಾಟಬಾರದು, ಮರುದಿನ ಬೆಳಗ್ಗೆ ಮೆಟ್ಟಿಲಲ್ಲಿ ಹಿಂದಿನ ದಿನಕ್ಕಿಂತ ಜಾಸ್ತಿ ಇರಬಾರದು. ಈ ಎರಡೇ ನಿಯಮ. ಹನ್ನೆರಡನೇ ವಾರಕ್ಕೆ ಬೆಲ್ಟ್ ಇಲ್ಲದೆ 110 ಕಿಲೋ ಐದು ಸಲ. ಆ ದಿನ ಅವನ ಬಕಲ್ ಇರುವ ಜಾಗದಲ್ಲಿ ಒಂದು ತುಂಡು ಬಿಳಿ ಟೇಪ್ ಅಂಟಿಸಿದ್ದೆ. ವಿಡಿಯೋದಲ್ಲಿ ಟೇಪ್ ಗೋಡೆ ನೋಡುತ್ತಲೇ ಇತ್ತು.

ಬೆಲ್ಟನ್ನು ನಾಲ್ಕನೇ ತಿಂಗಳಲ್ಲಿ ವಾಪಸ್ ತಂದೆವು. ಅದಕ್ಕೆ ಮೊದಲು ಉಸಿರು ಕಲಿಸಿದೆ. ಮೂರು ವರ್ಷ ಬೆಲ್ಟ್ ಕಟ್ಟಿದ ಹುಡುಗನಿಗೆ ಬೆಲ್ಟಿಗೆ ಹೊಟ್ಟೆ ಒತ್ತುವುದು ಗೊತ್ತಿರಲಿಲ್ಲ. ಅವನು ಹೊಟ್ಟೆ ಒಳಗೆ ಎಳೆದು, ಬೆಲ್ಟ್ ಕೊನೇ ತೂತಿಗೆ ಬಿಗಿದು, ಅದೇ ರಕ್ಷಣೆ ಅಂದುಕೊಂಡಿದ್ದ. ಈಗ ಒಂದು ತೂತು ಸಡಿಲ ಕಟ್ಟುತ್ತಾನೆ. ಬೆಲ್ಟ್ ಮತ್ತು ಹೊಟ್ಟೆಯ ನಡುವೆ ಎರಡು ಬೆರಳು ಇಟ್ಟು, ಉಸಿರು ತುಂಬಿ ಆ ಬೆರಳನ್ನು ಹೊರಗೆ ಒತ್ತಬೇಕು. ಮುಂದೆ, ಪಕ್ಕ, ಹಿಂದೆ ಮೂರೂ ಕಡೆ. ಹಿಂದೆ ಒತ್ತಲು ಅವನಿಗೆ ಎರಡು ವಾರ ಹಿಡಿಯಿತು.

ಇಷ್ಟರ ಮೇಲೂ ನಾನು ಎಕ್ವಿಪ್ಡ್ ಲಿಫ್ಟಿಂಗ್ ಕೆಟ್ಟದ್ದು ಅನ್ನಲ್ಲ. ಅದು ಅದರದ್ದೇ ಆದ ವಿದ್ಯೆ. ವರ್ಷಗಟ್ಟಲೆ ಬೆನ್ನು ಬಲಿಸಿ, ಸೂಟನ್ನು ನಿಧಾನವಾಗಿ ಬಿಗಿ ಮಾಡುತ್ತಾ ಹೋದವರು ಚೆನ್ನಾಗಿಯೇ ಇದ್ದಾರೆ. ನಮ್ಮ ತಪ್ಪು, ನೋಯುತ್ತಿದ್ದ ಮೊಣಕಾಲನ್ನು ಪಟ್ಟಿಯಿಂದ ಸುಮ್ಮನಾಗಿಸಿದ್ದು. ನೋಯುವ ಕೀಲಿಗೆ ಪಟ್ಟಿ ಕಟ್ಟಿ ಅದೇ ವಾರ ಭಾರ ಏರಿಸುವ ಪದ್ಧತಿ ನಮ್ಮ ಕಡೆಯ ಜಿಮ್‌ಗಳಲ್ಲಿ ಬಹಳ ಇದೆ. ಬೆಂಚ್ ಮಾಡುವಾಗ ಮಣಿಕಟ್ಟು ನೋವಿಗೆ ಪಟ್ಟಿ, ಮೊಣಕೈ ನೋವಿಗೆ ಸ್ಲೀವ್, ಎಲ್ಲ ಇದೇ ಕಥೆ. ಈಗ ನಮ್ಮಲ್ಲಿ ಯಾರಾದರೂ ಪಟ್ಟಿ ಕೇಳಿದರೆ, ಪಟ್ಟಿ ಇಲ್ಲದೆ ನೋವು ಎಷ್ಟು ಅಂತ ಮೊದಲು ಕೇಳುತ್ತೇನೆ. ಸೊನ್ನೆ ಅಂದರೆ ಮಾತ್ರ ಕೊಡುತ್ತೇನೆ.

ಅಕ್ಟೋಬರ್‌ನಲ್ಲಿ ಹುಬ್ಬಳ್ಳಿಯಲ್ಲಿ ಒಂದು ಕ್ಲಾಸಿಕ್ ಸ್ಪರ್ಧೆ ಸಿಕ್ಕಿತು. ಬೆಲ್ಟ್, ಸ್ಲೀವ್, ಮಣಿಕಟ್ಟಿನ ಪಟ್ಟಿ, ಅಷ್ಟೇ. ಮೊದಲ ಸ್ಕ್ವಾಟ್ 155 ಕೊಟ್ಟೆ. ಅವನಿಗೆ ಅದು ಇಷ್ಟವಾಗಲಿಲ್ಲ, ಮುಖದಲ್ಲೇ ಗೊತ್ತಾಯಿತು. ಮೂರು ಬಿಳಿ ದೀಪ, ಅಂದರೆ ಮೂವರು ತೀರ್ಪುಗಾರರೂ ಒಪ್ಪಿದರು. 165, ಮೂರು ಬಿಳಿ. 172.5, ಎರಡು ಬಿಳಿ, ಒಂದು ಕೆಂಪು, ಆದರೂ ಪಾಸ್. ಬೆಂಚ್ 110, ಅವನ ಜೀವನದ ಅತಿ ಹೆಚ್ಚು. ಎಂಟು ತಿಂಗಳಲ್ಲಿ ಮಲಗಿ ಮಾಡುವ ಕೆಲಸ ಜಾಸ್ತಿ ಸಿಕ್ಕಿದ್ದರ ಫಲ ಅದು. ಡೆಡ್‌ಲಿಫ್ಟ್ 205ಕ್ಕೆ ನಿಲ್ಲಿಸಿದೆ. ಮೂರನೇ ಅವಕಾಶಕ್ಕೆ 217.5 ಕೇಳಿದ. ಬೇಡ ಅಂದೆ. ಒಟ್ಟು 487.5. ಹಳೆಯದಕ್ಕಿಂತ 15 ಕಿಲೋ ಕಮ್ಮಿ, ಮೆಡಲ್ ಬರಲಿಲ್ಲ. ವಾಪಸ್ ಬರುವಾಗ ಅವನು ಹಾವೇರಿವರೆಗೆ ಒಂದೇ ಸಮ ಕೂತು ಬಂದ. ಶಿಗ್ಗಾವಿ ಹತ್ತಿರ ನಾನೇ ಕಾರು ನಿಲ್ಲಿಸಿ, ಇಳಿಯಬೇಕಾ ಅಂತ ಕೇಳಿದೆ. "ಯಾಕ್ರಿ ಸರ್?" ಅಂದ.

ಈಗ ಮತ್ತೆ ಸುಗ್ಗಿ ಬಂದಿದೆ. ಅವನು ಮತ್ತೆ ಚೀಲ ಹೊರುತ್ತಿದ್ದಾನೆ, ಹೊರಲೇಬೇಕು. ಅವನ ತರಬೇತಿ ಪುಸ್ತಕದಲ್ಲಿ ಸ್ಕ್ವಾಟ್, ಬೆಂಚ್, ಡೆಡ್‌ಲಿಫ್ಟ್ ಪಕ್ಕ ನಾಲ್ಕನೇ ಗೀಟು ಎಳೆದಿದ್ದೇವೆ. ಅದರ ತಲೆ ಮೇಲೆ "ಚೀಲ" ಅಂತ ಬರೆದಿದೆ. ಭಾರದ ಸ್ಕ್ವಾಟ್ ಶನಿವಾರಕ್ಕೆ ಹೋಗಿದೆ. ಸೋಮವಾರ ಮತ್ತು ಗುರುವಾರ ಜಿಮ್‌ಗೆ ರಜೆ, ಚೀಲ ನೂರು ದಾಟಿದ ವಾರ ಡೆಡ್‌ಲಿಫ್ಟ್ ಅರ್ಧ. ಮೊನ್ನೆ ಸೋಮವಾರ ರಾತ್ರಿ ಅವನಿಂದ ಫೋನಿಗೆ ಮೆಸೇಜ್ ಬಂತು: "ಚೀಲ 118. ಮೊಣಕಾಲು 1. ಸೊಂಟ 0." ಕೆಳಗೆ ಇನ್ನೊಂದು ಸಾಲು, ಮುಂದಿನ ವರ್ಷ ಎಕ್ವಿಪ್ಡ್ ಮಾಡೋಣ ಏನ್ರಿ ಅಂತ. ಯುಗಾದಿ ಮುಗಿದ ಮೇಲೆ ಕೂತು ಮಾತಾಡೋಣ ಅಂತ ಉತ್ತರ ಕಳಿಸಿದೆ.